ಸೆಲ್ಲಾರಿನಲ್ಲಿ ಇಲಿ ಪಾಷಾಣ

ಜುಲೈ ಮಳೆ ಹಿಡಿದ ಮೇಲೆ ಹೈದರಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಇಲಿಯದೇ ಮಾತು. ಮೂರನೇ ಮಹಡಿಯವರ ಕಾರಿನ ವೈರು ಕಡಿದು ಹಾಕಿದ್ದವು. ಇನ್ನೊಬ್ಬರ ಬಾನೆಟ್ಟಿನಡಿ ಅರ್ಧ ತಿಂದ ಚಪಾತಿ ಸಿಕ್ಕಿತ್ತು. ಎರಡು ದಿನ ಚರ್ಚೆಯಾಗಿ, ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ ಸೆಲ್ಲಾರಿಗೆ ‘ಟ್ರೀಟ್‌ಮೆಂಟ್’ ಮಾಡಿಸುವುದೆಂದು ತೀರ್ಮಾನವಾಯಿತು. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ನಾನೂ ಒತ್ತಿದೆ.

ಟ್ರೀಟ್‌ಮೆಂಟ್ ಆದ ಮರುದಿನ ಸ್ಕೂಟರ್ ತೆಗೆಯಲು ಇಳಿದಾಗ ವಾಚ್‌ಮನ್ ಅವರ ಹೆಂಡತಿ ಎದುರು ಬಂದರು. ಅವರದು ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಕಡೆಯ ಊರು. ಹೊಳೆ ದಾಟಿದರೆ ರಾಯಚೂರು. ಈ ಕಟ್ಟಡದಲ್ಲಿ ನನ್ನೊಡನೆ ಕನ್ನಡ ಆಡುವವರು ಅವರೊಬ್ಬರೇ.

“ಅಕ್ಕಾರ, ಗುಳಿಗಿ ಇಡಬ್ಯಾಡ್ರಿ ಅನ್ನಂಗಿಲ್ಲ. ಎಲ್ಲೆಲ್ಲಿ ಇಟ್ಟಾರ ಅಂತ ಹೇಳ್ರಿ ಸಾಕು. ಹುಡುಗಿ ಇಲ್ಲೇ ನೆಲದಾಗ ಆಡ್ತದ.”

ನನಗೆ ಗೊತ್ತಿರಲಿಲ್ಲ. ಸಂಘದ ಕಾರ್ಯದರ್ಶಿಗೂ ಗೊತ್ತಿರಲಿಲ್ಲ. ಇಟ್ಟವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಇಬ್ಬರೂ ಟಾರ್ಚ್ ಹಿಡಿದು ಹುಡುಕಿದೆವು. ಮೊದಲ ಕೇಕು ಸಿಕ್ಕಿದ್ದು ಅವರ ಕೋಣೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದ ಮೀಟರ್ ಬೋರ್ಡಿನಡಿ.

ಹೈದರಾಬಾದಿನಲ್ಲಿ ಮನೆ ಹುಡುಕಿದವರಿಗೆ ಗೊತ್ತಿರುತ್ತದೆ: ಸಣ್ಣ ಅಪಾರ್ಟ್‌ಮೆಂಟುಗಳ ಪಾರ್ಕಿಂಗ್ ಮೂಲೆಯಲ್ಲಿ, ಮೆಟ್ಟಿಲ ಕೆಳಗೋ ಲಿಫ್ಟಿನ ಪಕ್ಕವೋ, ವಾಚ್‌ಮನ್ ಸಂಸಾರಕ್ಕೆಂದು ಒಂದು ಕೋಣೆ ಇರುತ್ತದೆ. ನಮಗೆ ಅದು ಗ್ಯಾರೇಜು, ಅವರಿಗೆ ಮನೆ. ಅಡಿಗೆ, ಊಟ, ಮಗುವಿನ ಹೋಂವರ್ಕ್ ಎಲ್ಲ ಅಲ್ಲೇ. ನಮ್ಮ ಅಡಿಗೆಮನೆಯಲ್ಲಿ ಯಾರಾದರೂ ಹೇಳದೆ ಕೇಳದೆ ವಿಷ ಇಟ್ಟು ಹೋದರೆ ಪೊಲೀಸ್ ಠಾಣೆಗೆ ಹೋಗುವ ನಾವು, ಅವರ ಅಂಗಳದಲ್ಲಿ ಅದನ್ನೇ ಮಾಡಿಸಿ, ಮೆಂಟೆನೆನ್ಸ್ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ.

ಇದರಲ್ಲಿ ಭಾಷೆಯದೂ ಪಾಲಿದೆ. ಅನುವಾದ ನನ್ನ ಕಸುಬು, ಹಾಗಾಗಿ ಈ ಪದ ಚುಚ್ಚುತ್ತದೆ. ‘ಟ್ರೀಟ್‌ಮೆಂಟ್’ ಎಂದೊಡನೆ ವಿಷ ಚಿಕಿತ್ಸೆಯಾಗಿಬಿಡುತ್ತದೆ. ತೆಲುಗಿನ ‘ಎಲುಕಲ ಮಂದು’ ಎಂದರೂ ಇಲಿ ಮದ್ದೇ, ನಮ್ಮವರೂ ‘ಇಲಿ ಔಷಧಿ’ ಎನ್ನುತ್ತಾರೆ. ಹಳಬರು ‘ಇಲಿ ಪಾಷಾಣ’ ಎನ್ನುತ್ತಿದ್ದರು. ಆ ಮಾತಿನಲ್ಲಿ ವಿಷ ವಿಷವಾಗಿಯೇ ಉಳಿದಿತ್ತು. ಹಾಗೆ ಕರೆದರೆ, ಎಲ್ಲಿಟ್ಟಿರಿ ಎಂದು ಕೇಳಲು ಮನಸ್ಸು ಬಂದೀತು.

ಕೇಳಲೇಬೇಕಾದ ಕಾರಣಗಳಿವೆ. 2024ರ ನವೆಂಬರಿನಲ್ಲಿ ಚೆನ್ನೈ ಬಳಿಯ ಕುಂದ್ರತ್ತೂರಿನ ಒಂದು ಮನೆಯಲ್ಲಿ ಪೆಸ್ಟ್ ಕಂಟ್ರೋಲ್‌ನವರು ಇಲಿಗೆಂದು ವಿಷ ಇಟ್ಟು ಹೋದ ಮೇಲೆ ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು, ತಂದೆತಾಯಿ ಆಸ್ಪತ್ರೆ ಸೇರಿದರು. ಕಪ್ಪುಬೂದು ಪುಡಿಯಾಗಿ ಸಿಗುವ ಜಿಂಕ್ ಫಾಸ್ಫೈಡ್ ತೇವ ತಾಕಿದರೆ ಫಾಸ್ಫಿನ್ ಎಂಬ ವಿಷಾನಿಲ ಬಿಡುತ್ತದೆ. ಮಳೆಗಾಲದ ಸೆಲ್ಲಾರಿನಲ್ಲಿ ತೇವಕ್ಕೆ ಬರವೇ? ಹಳದಿ ರಂಜಕದ ಪೇಸ್ಟು ಯಕೃತ್ತನ್ನೇ ಹಾಳುಮಾಡುತ್ತದೆ, ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಮಾಡಿಯೊಲೋನ್ ಕೇಕು ತಿಂದ ಇಲಿ ಸಾಯಲು ಹಲವು ದಿನ ಬೇಕು. ಅಷ್ಟರಲ್ಲಿ ಅದು ಪೈಪಿನೊಳಗೆ ಸೇರಿ ಸತ್ತು ನಾರುತ್ತದೆ, ಇಲ್ಲವೇ ಕಣಜ ಗೂಬೆಯ ಬಾಯಿಗೆ ಬಿದ್ದು ಅದಕ್ಕೂ ವಿಷವಾಗುತ್ತದೆ. ಇಲಿ ಹಿಡಿಯುವುದರಲ್ಲಿ ಗೂಬೆಯನ್ನು ಮೀರಿಸುವ ಪೆಸ್ಟ್ ಕಂಟ್ರೋಲ್ ಕಂಪನಿ ಇಲ್ಲ.

ವಿಷ ಬೇಡವೆನ್ನುವವರು ಅಂಟಿನ ಹಲಗೆ ತರುತ್ತಾರೆ. ಇಲಿ ಅದರ ಮೇಲೆ ಒಂದೆರಡು ದಿನ ಒದ್ದಾಡಿ ಸಾಯುತ್ತದೆ. ಅದನ್ನು ಎತ್ತಿ ಹಾಕುವ ಕೆಲಸವೂ ವಾಚ್‌ಮನ್ ಪಾಲಿಗೇ. ಇದು ಕ್ರೂರ, ತಡೆಯಿರಿ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಬರೆದಿದೆ. ಆದರೂ ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತದೆ. ಇನ್ನು ಕೆಲವರು ಅಲ್ಟ್ರಾಸಾನಿಕ್ ಯಂತ್ರ ಸಿಕ್ಕಿಸುತ್ತಾರೆ. ಇಂಥ ಯಂತ್ರಗಳ ಬಗ್ಗೆ ಹೇಳಿಕೊಂಡದ್ದಕ್ಕೆ ವೈಜ್ಞಾನಿಕ ಪುರಾವೆ ಬೇಕೆಂದು 2001ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 60ಕ್ಕೂ ಹೆಚ್ಚು ತಯಾರಕರು ಮತ್ತು ಮಾರಾಟಗಾರರನ್ನು ಎಚ್ಚರಿಸಿತ್ತು.

ನಾನು ಇಲಿಯ ಪರ ವಕೀಲಳಲ್ಲ. ಇಲಿ ಜ್ವರ ಹುಡುಗಾಟದ ಕಾಯಿಲೆಯಲ್ಲ, ಅದರ ಅಪಾಯವೂ ಮೊದಲು ಸೆಲ್ಲಾರಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೇ. ಇಲಿ ಹೋಗಬೇಕು. ನನ್ನ ತಕರಾರು ಇರುವುದು ನಾವು ಹಿಡಿದ ದಾರಿಯ ಬಗ್ಗೆ. ಹೆಣ್ಣಿಲಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸೂಲಿಗೆ ಆರೆಂಟು ಮರಿ ಸಾಮಾನ್ಯ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ಬೆದೆಗೆ ಬರುತ್ತವೆ. ಅನ್ನ, ನೀರು, ಅಡಗುತಾಣ ಇದ್ದಷ್ಟು ಕಾಲ ಹತ್ತು ಕೊಂದರೆ ಉಳಿದವು ಆ ಜಾಗ ತುಂಬುತ್ತವೆ. ಕೊಲ್ಲುವುದನ್ನೇ ಲೆಕ್ಕ ಹಿಡಿದರೆ ಏನಾಗುತ್ತದೆಂದು 1902ರಲ್ಲಿ ಹನೋಯಿಯ ಫ್ರೆಂಚ್ ಸರ್ಕಾರ ಕಂಡಿತು. ಇಲಿ ಬಾಲಕ್ಕೆ ದುಡ್ಡು ಕೊಡುತ್ತೇವೆಂದರು. ಬಾಲವಿಲ್ಲದ ಇಲಿಗಳು ಬೀದಿಯಲ್ಲಿ ಓಡಾಡತೊಡಗಿದವು.

ನಮ್ಮ ಊರುಗಳು ಇದನ್ನು ಬೇರೆ ರೀತಿ ಕಲಿತಿದ್ದವು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ನಂತರ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಅಗಲವಾದ ರಸ್ತೆ, ಗಾಳಿ ಬೆಳಕುಗಳೊಂದಿಗೆ ಬೆಳೆದವು. ಮನೆಗಳ ಹಿಂದೆ ಕೊಳೆ ಸಾಗಿಸಲೆಂದೇ ಓಣಿ ಬಿಟ್ಟರು. ಹೈದರಾಬಾದಿನಲ್ಲಿ 1908ರ ಮೂಸಿ ಪ್ರವಾಹ ಮತ್ತು ಆಮೇಲಿನ ಪ್ಲೇಗ್ ಕಂಡ ನಂತರ, 1912ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. ಆ ಕಾಲದ ಬಡವರ ಮೇಲಿನ ದರ್ಪ ನನಗೆ ಒಪ್ಪಿಗೆಯಿಲ್ಲ. ಆದರೆ ಇಲಿಯ ಪ್ರಶ್ನೆ ಮನೆ ಕಟ್ಟುವ, ಕಸ ಸಾಗಿಸುವ ಪ್ರಶ್ನೆ ಎಂಬುದು ಅವರಿಗೆ ತಿಳಿದಿತ್ತು.

ನಮ್ಮ ಸೆಲ್ಲಾರ್ ನೋಡಿ. ಬೆಳಿಗ್ಗೆ ಕಸದ ಆಟೋ ಬರುತ್ತದೆಂದು ಹಿಂದಿನ ರಾತ್ರಿಯೇ ತೆರೆದ ಬಕೆಟ್ಟಿನಲ್ಲಿ ಬಿರಿಯಾನಿ ಎಲುಬು ಕೆಳಗಿಳಿಯುತ್ತದೆ. ಬಿಸಾಡಲು ಮನಸ್ಸಾಗದ ಸೋಫಾ ಎಂಟು ವರ್ಷದಿಂದ ಗೋಡೆಗೊರಗಿದೆ, ಅದರ ಸ್ಪಂಜು ಇಲಿಗಳ ಹೆರಿಗೆ ಮನೆ. ಮೋರಿಯ ಜಾಲರಿ ಮುರಿದಿದೆ. ಅಲ್ಲಿಂದ ಬರುವುದು ಹೆಗ್ಗಣ. ತೆಲುಗಿನ ‘ಪಂದಿಕೊಕ್ಕು’, ಅಂದರೆ ಹಂದಿಯಿಲಿ. ಇಂಗ್ಲಿಷಿನ ‘ಬ್ಯಾಂಡಿಕೂಟ್’ ಹುಟ್ಟಿದ್ದು ಈ ಪದದಿಂದಲೇ. ಇಂಗ್ಲಿಷಿಗೆ ಪದ ಕೊಟ್ಟ ನಾಡಿನವರಿಗೆ ಒಂದು ಜಾಲರಿ ಕೂರಿಸುವುದು ಕಷ್ಟವೇ?

ಭಾನುವಾರದ ಸಭೆಗೆ ನಾನು ಬರೆದುಕೊಟ್ಟದ್ದು ಇಷ್ಟು. ಇಲಿಮರಿ 12 ಮಿಲಿಮೀಟರಿನ ಸಂದಿಯಲ್ಲಿ, ಚಿಟ್ಟಿಲಿ 6 ಮಿಲಿಮೀಟರಿನಲ್ಲಿ ನುಸುಳುತ್ತದೆ. ಆದ್ದರಿಂದ ಪೈಪು ಹಾಯುವ ತೂತುಗಳಿಗೆ ಸಿಮೆಂಟು, ಮೋರಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ. ಕಸ ಮುಚ್ಚಳದ ಡಬ್ಬಿಯಲ್ಲಿ, ಬೆಳಿಗ್ಗೆಯೇ ಕೆಳಗಿಳಿಯಬೇಕು. ಸೋಫಾ ಗುಜರಿಗೆ. ಇಲಿ ಗೋಡೆಯಂಚಿನಲ್ಲೇ ಓಡುವುದರಿಂದ ಸ್ಪ್ರಿಂಗಿನ ಬೋನುಗಳನ್ನು ಮಗುವಿನ ಕೈ ಹೋಗದ ಪೆಟ್ಟಿಗೆಯೊಳಗೆ ಅಲ್ಲಿಯೇ ಇಡಬೇಕು. ಹೊಸ ವಸ್ತುವಿಗೆ ಇಲಿ ಕೆಲವು ದಿನ ಹೆದರುತ್ತದೆ, ಕಾಯಬೇಕು. ದಿನವೂ ನೋಡುವ ಪಾಳಿ ನಮ್ಮ ಫ್ಲ್ಯಾಟುಗಳದು, ವಾಚ್‌ಮನ್ ಅವರದಲ್ಲ. ಎಲ್ಲ ಮಾಡಿಯೂ ವಿಷ ಬೇಕೇಬೇಕಾದರೆ ಬೀಗದ ಪೆಟ್ಟಿಗೆಯಲ್ಲಿರಲಿ, ಅದರ ಹೆಸರು ಮತ್ತು ಜಾಗಗಳ ನಕ್ಷೆ ಮೊದಲು ಸೆಲ್ಲಾರಿನಲ್ಲಿರುವವರ ಕೈಗೆ ಹೋಗಲಿ, ಅವರು ಬೇಡವೆಂದರೆ ಬೇಡ.

“ಇಷ್ಟೆಲ್ಲ ಯಾರು ಮಾಡ್ತಾರೆ, ಕಂಪನಿಗೆ ಕೊಟ್ಟರೆ ಮುಗೀತು” ಎಂದು ಗುಂಪಿನಲ್ಲಿ ಒಬ್ಬರು ಬರೆದರು. ಪ್ರಾಮಾಣಿಕ ಮಾತು. ನಾವು ದುಡ್ಡು ಕೊಡುತ್ತಿರುವುದು ಇಲಿ ಹೋಗಲೆಂದಲ್ಲ, ಕಸದ ಬಗ್ಗೆ ಅಕ್ಕಪಕ್ಕದವರೊಡನೆ ಜಗಳ ಆಡದೆ ಇರಲೆಂದು. ಆ ಜಗಳದ ಬೆಲೆಯನ್ನು ನೆಲದಲ್ಲಿ ಆಡುವ ಹುಡುಗಿ ತೆರಬಾರದು.

ನೀವು ಪುಣೆಯಲ್ಲಿರಿ, ಮುಂಬಯಿಯಲ್ಲಿರಿ, ಬೆಂಗಳೂರಿನಲ್ಲಿರಿ, ಇವತ್ತು ರಾತ್ರಿ ಟಾರ್ಚ್ ಹಿಡಿದು ನಿಮ್ಮ ಪಾರ್ಕಿಂಗಿಗೆ ಇಳಿಯಿರಿ. ಅಲ್ಲಿ ಯಾರು ಮಲಗುತ್ತಾರೆ, ಏನು ಇಟ್ಟಿದ್ದಾರೆ, ನೋಡಿ ಬರೆಯಿರಿ. ನಮ್ಮಲ್ಲಿ ಆ ದಿನ ಒಂಬತ್ತು ಕೇಕು ಸಿಕ್ಕವು. ಎಷ್ಟು ಇಟ್ಟಿದ್ದರೆಂದು ಕಂಪನಿಯವರು ಇನ್ನೂ ಹೇಳಿಲ್ಲ. ಹುಡುಗಿ ಈಗ ಮೆಟ್ಟಿಲ ಮೇಲೆ ಆಡುತ್ತಾಳೆ.