ಮುತ್ಯಾಗ ಕುಂದ್ರಸಬ್ಯಾಡ್ರಿ

"ಇಷ್ಟ್ ವರ್ಷ ದುಡದಿ, ಇನ್ನ ಸುಮ್ನ ಕುಂದ್ರು." ಬೀದರ್ ಜಿಲ್ಲೆಯ ಯಾವ ಊರಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಮಗ ಹೇಳುತ್ತಾನೆ, ಸೊಸೆ ಹೇಳುತ್ತಾಳೆ, ಹೈದರಾಬಾದಿನಿಂದ ಫೋನ್ ಮಾಡಿದ ಮಗಳೂ ಇದನ್ನೇ ಹೇಳುತ್ತಾಳೆ. ಅವರ ಪ್ರೀತಿಯಲ್ಲಿ ಎಳ್ಳಷ್ಟೂ ಸಂಶಯ ಬೇಡ. ಮುಪ್ಪಿನಲ್ಲಿ ಹೆತ್ತವರಿಂದ ಕೆಲಸ ಮಾಡಿಸಿದರೆ ಓಣಿಯವರು ಏನಂದಾರು ಎಂಬ ಅಂಜಿಕೆಯೂ ಆ ಮಾತಿನೊಳಗಿದೆ. ಆದರೆ ಹೊರಸಿನ ಮೇಲೆ ಕೂತ ಮುತ್ಯಾ ಕೆಲವೇ ತಿಂಗಳಲ್ಲಿ ಗೋಡೆ ಹಿಡಿದು ಏಳತೊಡಗುತ್ತಾನೆ. ಮುಂದಿನ ಬೇಸಿಗೆಯ ಹೊತ್ತಿಗೆ ಬಚ್ಚಲಿಗೆ ಹೋಗಲೂ ಒಬ್ಬರ ಕೈ ಬೇಕು. ಆಗ ಎಲ್ಲರೂ ವಯಸ್ಸಾಯಿತು ಎನ್ನುತ್ತಾರೆ. ವಯಸ್ಸಿನ ಪಾಲು ಇದ್ದೇ ಇದೆ. ಕೂರಿಸಿದ್ದರ ಪಾಲನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಔರಾದ್ ತಾಲ್ಲೂಕಿನ ಒಕ್ಕಲು ಮನೆಗಳಲ್ಲಿ ಮೊದಲು ಹೀಗಿರಲಿಲ್ಲ. ಕೊಟ್ಟಿಗೆಯಲ್ಲಿ ದೇವಣಿ ಎತ್ತು ಇರುತ್ತಿದ್ದವು. ನೇಗಿಲ ಹಿಂದೆ ನಡೆಯುವ ಕಸುವು ಹೋದ ಮುದುಕನಿಗೂ ಕಣಿಕೆ ಕತ್ತರಿಸುವುದು, ದನಗಳನ್ನು ನೀರಿಗೆ ಹೊಡೆದುಕೊಂಡು ಹೋಗುವುದು, ಸಂಜೆ ಮೇವು ಹಾಕುವುದು, ಕೂತಾಗ ಹಗ್ಗ ಹೊಸೆಯುವುದು ಎಂದು ದಿನಕ್ಕೆ ಸಾಲುವಷ್ಟು ಕೆಲಸ ಉಳಿದಿರುತ್ತಿತ್ತು. ಬಗ್ಗುವುದು, ಏಳುವುದು, ಎತ್ತುವುದು, ನಡೆಯುವುದು ಎಲ್ಲವೂ ಅದರಲ್ಲೇ ಆಗುತ್ತಿದ್ದವು. ಸೋಯಾ ಬಂತು, ಟ್ರ್ಯಾಕ್ಟರ್ ಬಂತು, ರಾಶಿ ಮಾಡುವ ಯಂತ್ರ ಬಂತು. ಮನೆಮನೆಯಲ್ಲೂ ಎತ್ತು ಮಾರಿದರು. ಎತ್ತಿನ ಜೊತೆಗೆ ಮುತ್ಯಾನ ದಿನಚರಿಯೂ ಸಂತೆಗೆ ಹೋಯಿತು.

ಆಯಿಯ ವಿಷಯ ಸ್ವಲ್ಪ ಬೇರೆ. ನಳ ಬಂದು ಕೊಡ ಹೊರುವುದು ತಪ್ಪಿತು, ಗ್ಯಾಸ್ ಬಂದು ಕಟ್ಟಿಗೆ ತರುವುದು ತಪ್ಪಿತು. ತಪ್ಪಿದ್ದು ಒಳ್ಳೆಯದೇ ಆಯಿತು. ನೀರು ಹೊತ್ತು ಮಂಡಿ ಸವೆಸಿಕೊಂಡಿದ್ದನ್ನು ಹಳೆಯ ಕಾಲದ ವ್ಯಾಯಾಮ ಎಂದು ಹೊಗಳುವವರ ಜೊತೆ ನಾನಿಲ್ಲ. ಆದರೆ ಮಕ್ಕಳು ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿ, ಮೊಮ್ಮಕ್ಕಳೂ ಅತ್ತಲೇ ಶಾಲೆ ಸೇರಿದ ಮೇಲೆ ಆಕೆಗೆ ಬೆಳಿಗ್ಗೆ ಏಳಲು ಕಾರಣವೇ ಉಳಿಯುವುದಿಲ್ಲ. ಒಬ್ಬಳಿಗೆ ಎಷ್ಟು ರೊಟ್ಟಿ ಬೇಕು? ಒಂದು ಹೊತ್ತು ಬಡಿದು ಎರಡು ಹೊತ್ತು ತಿನ್ನುತ್ತಾಳೆ. ಬರಬರುತ್ತಾ ಅದೂ ಬೇಡವಾಗಿ ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ದಿನ ಕಳೆಯುತ್ತಾಳೆ.

ದೇಹದೊಳಗೆ ಏನಾಗುತ್ತದೆ ಎಂಬುದು ಈಗ ಸಾಕಷ್ಟು ಗೊತ್ತಿದೆ. ಅಮೆರಿಕದಲ್ಲಿ ಆರೋಗ್ಯವಂತರಾದ ಕೆಲವು ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಮಲಗಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅಷ್ಟರಲ್ಲೇ ಅವರ ಕಾಲುಗಳ ಮಾಂಸದಲ್ಲಿ ಸರಾಸರಿ 1 ಕೆ.ಜಿ.ಯಷ್ಟು ಕರಗಿತ್ತು. ರೋಗವಿಲ್ಲದವರ ಪಾಡೇ ಇದಾದರೆ, ಜ್ವರದಿಂದಲೋ ಬಿದ್ದ ಪೆಟ್ಟಿನಿಂದಲೋ ಹಾಸಿಗೆ ಹಿಡಿದ ನಮ್ಮ ಮುತ್ಯಾನ ಪಾಡೇನು? ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಮುಪ್ಪಿನ ಈ ಸೊರಗುವಿಕೆಗೆ ಐದು ಗುರುತು ಹೇಳಿದರು: ತಾನಾಗಿ ತೂಕ ಇಳಿಯುವುದು, ಸದಾ ದಣಿವು, ಕೈ ಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರು ಕಂಡರೆ ಅದು ಬರೀ ವಯಸ್ಸಲ್ಲ, ಗಮನ ಕೊಡಬೇಕಾದ ಸ್ಥಿತಿ. ಮನೆಯಲ್ಲೇ ನೋಡಬಹುದಾದ ಪರೀಕ್ಷೆಯೂ ಒಂದಿದೆ. ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಹಿರಿಯರನ್ನು ಕೂರಿಸಿ, ಎದೆಯ ಮೇಲೆ ಕೈಕಟ್ಟಿಸಿ, ಪಕ್ಕದಲ್ಲಿ ನೀವು ನಿಂತು, ಐದು ಸಲ ಎದ್ದು ಕೂರಲು ಹೇಳಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಕಸುವು ಇಳಿದಿರಬಹುದು ಎಂದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೇಳಿದೆ.

ಸಂತೋಷದ ಸಂಗತಿಯೆಂದರೆ ಕಳೆದ ಕಸುವನ್ನು ತಕ್ಕಮಟ್ಟಿಗೆ ಮರಳಿ ಗಳಿಸಬಹುದು. 1990ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಬೋಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಮರಿಯಾ ಫಿಯಾಟರೋನೆ ಎಂಬ ವೈದ್ಯೆ 90ರ ಆಸುಪಾಸಿನ 10 ಜನರಿಂದ ಎಂಟು ವಾರ ಕಾಲಿಗೆ ಭಾರ ಕೊಟ್ಟು ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಬಲ ಮೊದಲಿದ್ದದ್ದರ ಎರಡು ಪಟ್ಟಿಗೂ ಮೀರಿತು. 90ರಲ್ಲಿ ಆಗುವುದು 70ರಲ್ಲಿ ಆಗದೇನು?

ಮನಸ್ಸಿನ ಮಾತಿಗೆ ಬರೋಣ. ನಮ್ಮ ಹಿರಿಯರು ಖಿನ್ನತೆ ಎಂದು ಹೇಳಿಕೊಂಡು ದವಾಖಾನೆಗೆ ಹೋಗುವುದಿಲ್ಲ. ಕೈಕಾಲು ಹರಿಯುತ್ತವೆ, ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ ಎನ್ನುತ್ತಾರೆ. ಒಂದು ಸಲೈನ್ ಏರಿಸಿಕೊಂಡು, ನೋವಿನ ಗುಳಿಗೆ ಕಟ್ಟಿಸಿಕೊಂಡು ಬರುತ್ತಾರೆ. ಎರಡು ದಿನ ಹಗುರ, ಮತ್ತೆ ಅದೇ. 2017-18ರಲ್ಲಿ ದೇಶದಾದ್ಯಂತ 45 ದಾಟಿದ ಸುಮಾರು 72,000 ಜನರನ್ನು ಮಾತಾಡಿಸಿದ ಸರ್ಕಾರಿ ಸಮೀಕ್ಷೆ ಇದನ್ನೇ ಅಂಕಿಯಲ್ಲಿ ತೋರಿಸಿತು. 60 ದಾಟಿದವರಲ್ಲಿ ಶೇ 8ರಷ್ಟು ಜನರಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳಿದ್ದವು. ತಮಗೆ ಆ ಕಾಯಿಲೆಯಿದೆ ಎಂದು ವೈದ್ಯರಿಂದ ಕೇಳಿದ್ದವರು ಶೇ 1ಕ್ಕಿಂತ ಕಡಿಮೆ. ಉಳಿದವರೆಲ್ಲ ಮನೆಯ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ, ನಾವು ಅವರನ್ನು ಶಾಂತ ಸ್ವಭಾವದವರು ಎಂದುಕೊಂಡಿದ್ದೇವೆ.

ಮನಸ್ಸು ಕುಸಿದವರು ಹೊರಗೆ ಹೋಗುವುದಿಲ್ಲ, ಹೊರಗೆ ಹೋಗದವರ ಮನಸ್ಸು ಇನ್ನಷ್ಟು ಕುಸಿಯುತ್ತದೆ, ಕಾಲು ಸೋಲುತ್ತದೆ. ಬಿದ್ದೇನೆಂಬ ಭಯ ಸೇರಿಕೊಂಡರೆ ಹೊಸ್ತಿಲೇ ಗಡಿ. ಎಲ್ಲಿಂದಾದರೂ ಇದನ್ನು ಮುರಿಯಬೇಕು, ಮತ್ತು ಕಾಲಿನಿಂದ ಮುರಿಯುವುದು ಬಹಳ ಸಲ ಸುಲಭ. ಹಾಗೆಂದು ನಡಿಗೆಯೇ ಮದ್ದು, ಡಾಕ್ಟರು ಬೇಡ ಎಂದು ಯಾರೂ ತಿಳಿಯಬಾರದು. ಬದುಕು ಸಾಕು ಎನ್ನುವ ಹಿರಿಯರನ್ನು ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಬೇಕು. ಮಾತಾಡಲು 14416 ಎಂಬ ಟೆಲಿ ಮಾನಸ್ ಉಚಿತ ಸಹಾಯವಾಣಿಯಿದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು 1890ರಲ್ಲಿ ಕಮಲನಗರದಲ್ಲಿ ಹುಟ್ಟಿ 1999ರಲ್ಲಿ ಲಿಂಗೈಕ್ಯರಾದರು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು, ಇಳಿವಯಸ್ಸಿನಲ್ಲಿ ಬಸವಕಲ್ಯಾಣದ ಅನುಭವ ಮಂಟಪ ಕಟ್ಟಿಸಿದವರು. ಒಬ್ಬರ ಆಯುಷ್ಯ ನೋಡಿ ಎಲ್ಲರ ಆಯುಷ್ಯ ಅಳೆಯಲಾಗದು ನಿಜ. ಆದರೆ ಈ ನೆಲದ ಕಾಯಕಕ್ಕೆ ನಿವೃತ್ತಿಯ ವಯಸ್ಸು ಎಂಬುದಿರಲಿಲ್ಲ ಎಂಬುದಕ್ಕೆ ಅವರಿಗಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಇಂದಿಗೂ ನಮ್ಮ ಊರುಗಳಲ್ಲಿ ನಿಜಾಮನ ಕಾಲದ ಹೊಲದ ಕಾಗದ ಉರ್ದುವಿನಲ್ಲಿದ್ದರೆ, ಓದಲು ಹಿರಿಯರನ್ನೇ ಹುಡುಕಬೇಕು. ಅಂಥ ಒಬ್ಬರು ಕಾಗದ ಬಿಡಿಸುವುದನ್ನು ಹತ್ತಿರದಿಂದ ನೋಡಿ. ಮಡಿಕೆ ಹರಿಯದಂತೆ ಹಗುರಾಗಿ ತೆರೆಯುತ್ತಾರೆ, ಬಿಸಿಲು ಬೀಳುವ ಕಡೆ ಹೊರಳುತ್ತಾರೆ, ಬೆರಳಿಟ್ಟು ಬಲದಿಂದ ಎಡಕ್ಕೆ ಸಾಲು ಹಿಡಿಯುತ್ತಾರೆ, ಅಜ್ಜನ ಹೆಸರು ಸಿಕ್ಕೊಡನೆ ದನಿ ಎತ್ತರಿಸಿ ಓದುತ್ತಾರೆ. ಮನೆಯಲ್ಲಿ ಏಳಲಾರೆ ಎನ್ನುತ್ತಿದ್ದವರು ಅಂದು ಓಣಿಯ ಕೊನೆಯವರೆಗೂ ನಡೆದು ಬಂದಿರುತ್ತಾರೆ. ಕರೆಯುವವರಿದ್ದರು, ಅದಕ್ಕೇ ಬಂದರು.

ಬೀದರ್ ನಗರದ ಚಿತ್ರ ಇನ್ನೊಂದು. ಬರೀದ್ ಶಾಹಿ ಉದ್ಯಾನದಲ್ಲಿ, ಕೋಟೆಯ ದಾರಿಯಲ್ಲಿ ನಸುಕಿನಲ್ಲೇ ನಡೆಯುವವರನ್ನು ಕಾಣುತ್ತೇವೆ. ಹೆಚ್ಚಿನವರು ಪಿಂಚಣಿದಾರ ಗಂಡಸರು. ಅವರಿಗೂ ಒಂದು ಮಾತು ಹೇಳಬೇಕಿದೆ: ನಡಿಗೆ ಒಳ್ಳೆಯದು, ಅದೊಂದೇ ಸಾಲದು. ವಾರಕ್ಕೆ 150 ನಿಮಿಷದ ಚಟುವಟಿಕೆಯೊಂದಿಗೆ, ಬೀಳದಂತೆ ತಡೆಯಲು ಸಮತೋಲ ಮತ್ತು ಬಲದ ವ್ಯಾಯಾಮ ವಾರಕ್ಕೆ ಮೂರು ದಿನವಾದರೂ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹಿರಿಯರಿಗೆಂದೇ ಹೇಳಿದೆ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು ಸಾಕು. ಚೌಬಾರಾದ ಸುತ್ತಲಿನ ಹಳೆಯ ಓಣಿಗಳ ಹೆಂಗಸರು ಮಾತ್ರ ಈ ನಡಿಗೆಯ ಗುಂಪಿನಲ್ಲಿ ಕಾಣುವುದು ಅಪರೂಪ. ಕಾಲುದಾರಿಯಿಲ್ಲದ ರಸ್ತೆ, ಮೈಮೇಲೆ ಬರುವ ಬೈಕು, ನಡುವೆ ಕೂರಲು ಜಾಗವಿಲ್ಲ, ಮೂತ್ರಕ್ಕೆ ಹೋಗಲು ಶೌಚಾಲಯವಿಲ್ಲ. ಈ ಕೊನೆಯ ಕಾರಣವನ್ನು ಯಾವ ಸಭೆಯಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟೋ ಮುದುಕಿಯರನ್ನು ಮನೆಯಲ್ಲಿ ಕೂಡಿಹಾಕಿರುವುದು ಇದೇ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಟಿಕೆಟಿನ ಚಿಂತೆ ತಪ್ಪಿದ ಮೇಲೆ, ಇದೇ ಆಯಿಯರು ಖಾನಾಪುರದ ಮೈಲಾರ ಮಲ್ಲಣ್ಣನಿಗೆ, ಔರಾದಿನ ಅಮರೇಶ್ವರನಿಗೆ, ಮಗಳ ಮನೆಗೆ ಹೊರಟರು. ಮುದುಕಿಯರಿಗೆ ತಿರುಗಾಟದ ಚಟ ಎಂದು ಆಡಿಕೊಂಡವರಿದ್ದಾರೆ. ನನಗೆ ಅದು ಬಹಳ ಒಳ್ಳೆಯ ಚಟವಾಗಿ ಕಾಣುತ್ತದೆ. ಸರ್ಕಾರ ಆರೋಗ್ಯ ಯೋಜನೆಯೆಂದು ಮಾಡಿದ್ದಲ್ಲ, ಆದರೂ ಇಷ್ಟು ಹಿರಿಯ ಹೆಂಗಸರನ್ನು ಹೊಸ್ತಿಲು ದಾಟಿಸಿದ ಆರೋಗ್ಯ ಕಾರ್ಯಕ್ರಮ ಇನ್ನೊಂದು ನನಗೆ ಕಂಡಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಮಂಡಿಯೆತ್ತರ. ಅದನ್ನು ತಗ್ಗಿಸಿದರೆ ಪುಣ್ಯ ಬಂದೀತು.

ಕೂರಲು ಯಾರೂ ಹೇಳದವರ ಬಗ್ಗೆಯೂ ಹೇಳಲೇಬೇಕು. 70 ದಾಟಿದರೂ ಬೇರೆಯವರ ಹೊಲದಲ್ಲಿ ಕಸ ತೆಗೆಯುವ ವಿಧವೆಯರು ಔರಾದ್, ಭಾಲ್ಕಿ ಎರಡೂ ಕಡೆ ಇದ್ದಾರೆ. ತಿಂಗಳ 1,200 ರೂಪಾಯಿ ಪಿಂಚಣಿಯಲ್ಲಿ ಒಲೆ ಹೊತ್ತುವುದಿಲ್ಲ. ಇವರಿಗೆ ವ್ಯಾಯಾಮ ಮಾಡಿ ಎನ್ನುವುದು ಅನ್ಯಾಯ. ಇವರಿಗೆ ಬೇಕಾದದ್ದು ಬದುಕುವಷ್ಟು ಪಿಂಚಣಿ, ನೆರಳು, ಮಂಡಿಗೆ ಚಿಕಿತ್ಸೆ, ತಟ್ಟೆಯಲ್ಲಿ ಗಟ್ಟಿ ಬೇಳೆ. ತೊಗರಿ, ಹೆಸರು, ಉದ್ದು, ಕಡಲೆ ಬೆಳೆದು ದೇಶಕ್ಕೆ ಕಳಿಸುವ ಜಿಲ್ಲೆ ನಮ್ಮದು. ಹಲ್ಲಿಲ್ಲದ ಹಿರಿಯರಿಗೆ ಇಲ್ಲಿ ಸಿಗುವುದು ಮೆತ್ತನ್ನ ಮತ್ತು ತಿಳಿಸಾರು. ಪ್ರೊಟೀನ್ ಇಲ್ಲದೆ ಯಾವ ವ್ಯಾಯಾಮವೂ ಮಾಂಸ ಕೂಡಿಸಲಾರದು.

ಹಾಗಾದರೆ ಯಾರು ಏನು ಮಾಡಬೇಕು? ಹಿರಿಯರ ಆರೋಗ್ಯಕ್ಕೆಂದು ರಾಷ್ಟ್ರೀಯ ಕಾರ್ಯಕ್ರಮ 2010-11ರಿಂದಲೇ ಇದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ನೋಡುವ ದಿನವೇ ಕುರ್ಚಿಯಿಂದ ಏಳುವ ಪರೀಕ್ಷೆಯನ್ನೂ ಮಾಡಲಿ, ಅದಕ್ಕೆ ಯಾವ ಯಂತ್ರವೂ ಬೇಡ. ವಾರಕ್ಕೆರಡು ದಿನ ಹನುಮಾನ್ ಗುಡಿಯ ಕಟ್ಟೆಯ ಮುಂದೆ ಒಂದಿಷ್ಟು ಕುರ್ಚಿ ಹಾಕಿ ಹಿರಿಯರನ್ನು ಕೂಡಿಸಲಿ. ಎದ್ದು ಕೂತು ಮಾಡಿ, ಆಮೇಲೆ ಚಹಾ ಕುಡಿದು ಮಾತಾಡಿಕೊಂಡು ಹೋಗಲಿ. ಆ ಮಾತುಕತೆಗೇ ಅರ್ಧದಷ್ಟು ಜನ ಬರುತ್ತಾರೆ.

ಎಲ್ಲಕ್ಕಿಂತ ಅವಸರದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಕೆಲವು ದಿನ. ನ್ಯುಮೋನಿಯಾ ವಾಸಿಯಾಗಿ ಬಂದ ತಾಯಿಯನ್ನು ಮನೆಯವರು ಮತ್ತೆ ಹಾಸಿಗೆಗೇ ಹಾಕುತ್ತಾರೆ, ಊಟವನ್ನೂ ಅಲ್ಲೇ ಕೊಡುತ್ತಾರೆ. ರೋಗ ಬಿಟ್ಟ ಕಾಲನ್ನು ಆರೈಕೆ ಹಿಡಿಯುತ್ತದೆ. ಬೀದರ್‌ನ ಜಿಲ್ಲಾಸ್ಪತ್ರೆಯಲ್ಲಿ, ಭಾಲ್ಕಿ, ಔರಾದಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಿರಿಯರಿಗೆ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ಗುಳಿಗೆಗಳ ಹೆಸರಿನ ಕೆಳಗೆ ಇನ್ನೊಂದು ಸಾಲು ಕನ್ನಡದಲ್ಲಿ ಬರೆಯಲಿ: ದಿನಕ್ಕೆ ಎಷ್ಟು ಸಲ ಎಬ್ಬಿಸಿ ಕೂರಿಸಬೇಕು, ಯಾವಾಗಿನಿಂದ ಯಾರ ಕೈ ಹಿಡಿದು ಬಾಗಿಲವರೆಗೆ ನಡೆಸಬೇಕು. ಬರೆದದ್ದನ್ನು ಮನೆಗೆ ಕರೆದೊಯ್ಯುವವರಿಗೆ ಓದಿ ಹೇಳಿಯೇ ಕಳಿಸಲಿ.