ಸೀಟ್ ಬೆಲ್ಟ್ ಎಳೆದು ನೋಡಿ, ಮಾರಾಯ್ರೆ

ಸೌದಿಯಲ್ಲಿ ದುಡಿಯುತ್ತಿರುವ ಕನ್ನಡದ ಬಂಧುಗಳೇ,

ಹೋದ ವರ್ಷ ದಮ್ಮಾಮಿನಲ್ಲಿ ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಮಾರಿದವರು ನಮ್ಮ ಕರಾವಳಿಯವರೇ, ಫೈನಲ್ ಎಕ್ಸಿಟ್ ಮೇಲೆ ಊರಿಗೆ ಹೊರಟಿದ್ದರು. ಹೆಸರಲ್ಲಿ ಗಾಡಿ ಇದ್ದರೆ ಎಕ್ಸಿಟ್ ಸಿಗುವುದಿಲ್ಲವಲ್ಲ, ಅವರಿಗೆ ಅವಸರ. ನನಗೋ ರೇಟು ಕಡಿಮೆ ಎಂಬ ಆಸೆ. ಗ್ಯಾರೇಜಿಗೆ ಒಯ್ದು ಕಂಪ್ಯೂಟರ್ ಚೆಕ್ ಮಾಡಿಸೋಣ ಎನ್ನಲು ಬಾಯಿ ಬರಲಿಲ್ಲ. ಅವರ ಮನೆಯ ಚಹಾ ಕುಡಿದಾಗಿತ್ತು.

ಎರಡು ತಿಂಗಳಿಗೆ ಎಸಿ ಕೈಕೊಟ್ಟಿತು. ಆಮೇಲೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ತಮ್ಮಷ್ಟಕ್ಕೆ ಹತ್ತತೊಡಗಿದವು. ಮೆಕ್ಯಾನಿಕ್ ಎಂಜಿನ್ ಮುಟ್ಟಲೇ ಇಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ಕೊನೆಯ ಒಂದು ಗೇಣು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಾರ್ಪೆಟ್ ಎತ್ತಿದರೆ ಅಡಿಯಲ್ಲಿ ಒಣಗಿದ ಕೆಸರು. ನೇತ್ರಾವತಿಯ ನೆರೆ ಇಳಿದ ಮೇಲೆ ಮನೆಗೋಡೆಯಲ್ಲಿ ಉಳಿಯುವ ಗೆರೆ ನೋಡಿ ಬೆಳೆದವನು ನಾನು. ಅವನೇನೂ ಬಿಡಿಸಿ ಹೇಳಬೇಕಾಗಲಿಲ್ಲ. 2022ರ ನವೆಂಬರ್ 24ರ ಮಳೆಗೆ ಜಿದ್ದಾದ ರಸ್ತೆಗಳಲ್ಲಿ ಕಾರುಗಳು ತೇಲಿದ್ದನ್ನು ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ. ನೀರು ಕುಡಿದ ಗಾಡಿಗಳು ಒಣಗಿ, ತೊಳೆಸಿಕೊಂಡು, ಸೆಂಟು ಹೊಡೆಸಿಕೊಂಡು ಸಂತೆಗೆ ಬರುತ್ತವೆ.

ಆಗಲೇ ನಾನು ಕಾನೂನು ಓದಿದ್ದು. 2023ರ ಡಿಸೆಂಬರ್ 16ರಿಂದ ಇಲ್ಲಿ ಸಿವಿಲ್ ವ್ಯವಹಾರಗಳ ಕಾನೂನು ಜಾರಿಯಲ್ಲಿದೆ. ಕೊಳ್ಳುವಾಗ ಮೇಲ್ನೋಟಕ್ಕೆ ಕಾಣದ ದೋಷಕ್ಕೆ ಮಾರಿದವನೇ ಹೊಣೆ. ಗಾಡಿ ಕೈಗೆ ಬಂದ 180 ದಿನದೊಳಗೆ ದಾವೆ ಹೂಡಬೇಕು. ಮೋಸದಿಂದ ಮುಚ್ಚಿಟ್ಟಿದ್ದು ಸಾಬೀತಾದರೆ ಮಾರಿದವನು ಆ ಗಡುವಿನ ಹಿಂದೆ ಅಡಗುವಂತಿಲ್ಲ. ದಾವೆಯನ್ನು ನಾಜಿಝ್ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಹರಾಜ್‌ನಲ್ಲಿ ‘ಕೂಮತ್ ಹದೀದ್’ ಎಂದು ಕೂಗುತ್ತಾರೆ. ಕಬ್ಬಿಣದ ರಾಶಿ ಮಾರುತ್ತಿದ್ದೇನೆ, ಆಮೇಲೆ ನನ್ನ ಹತ್ತಿರ ಬರಬೇಡ ಎಂದರ್ಥ. ದೋಷ ಗೊತ್ತಿದ್ದೂ ಹಾಗೆ ಕೂಗಿದವನು ಹೊಣೆಯಿಂದ ಪಾರಾಗುವುದಿಲ್ಲ ಎಂದು ಇಲ್ಲಿನ ಹೆಸರಾಂತ ಧರ್ಮವಿದ್ವಾಂಸ ಇಬ್ನ್ ಉಸೈಮೀನ್ ಅವರೇ ಹೇಳಿದ್ದರು.

ಎಲ್ಲ ಸರಿ. ಆದರೆ ನನ್ನ ಹಕ್ಕು ದಮ್ಮಾಮಿನಲ್ಲಿ, ಮಾರಿದವರು ಪುತ್ತೂರಿನಲ್ಲಿ! ಎಕ್ಸಿಟ್ ಹೊಡೆದವರ ಮೇಲಿನ ಹಕ್ಕು ಕಾಗದದ ಮೇಲೆ ಚಂದ, ಅಷ್ಟೇ. ಅದಕ್ಕೇ ಕೈಮುಗಿದು ಕೇಳುತ್ತೇನೆ: ಮಾರುವವರು ನಿಮ್ಮೂರಿನವರು ಎಂಬ ದಾಕ್ಷಿಣ್ಯಕ್ಕೆ ಬಲಿಯಾಗಬೇಡಿ. ಶಾಸಿ ನಂಬರ್ ಹಾಕಿ ‘ಮೋಜಝ್’ ವರದಿ ತೆಗೆಸಿ, ಗಾಡಿಯ ಜಾತಕ ತಿಳಿಯುತ್ತದೆ. ವ್ಯವಹಾರವನ್ನು ಅಬ್ಶಿರ್ ಮೂಲಕವೇ ಮುಗಿಸಿ. ಬ್ಯಾಂಕಿನ ಲೀಸ್ ತೀರದ ಗಾಡಿಯನ್ನು ‘ತಫ್ವೀಝ್ ಮಾಡಿಕೊಡ್ತೇನೆ, ಓಡಿಸ್ಕೊಳ್ಳಿ’ ಎಂದರೆ ಅಲ್ಲಿಂದಲೇ ಹಿಂದೆ ಬನ್ನಿ. ತಫ್ವೀಝ್ ಎಂದರೆ ಓಡಿಸಲು ಅನುಮತಿ, ಇಸ್ತಿಮಾರದಲ್ಲಿ ನಿಮ್ಮ ಹೆಸರು ಬಂದಂತಲ್ಲ. ಅವರು ರದ್ದು ಮಾಡಿದ ದಿನ ಕಾರೂ ಇಲ್ಲ, ದುಡ್ಡೂ ಇಲ್ಲ.

ಶೋರೂಮಿನಿಂದ ಕೊಂಡಿದ್ದರೆ ನಿಮ್ಮ ಕೈ ಇನ್ನೂ ಗಟ್ಟಿ. ವ್ಯಾಪಾರಿ ಕಿಲೋಮೀಟರ್ ತಿರುಗಿಸಿದ್ದರೆ ಅದು ವಾಣಿಜ್ಯ ವಂಚನೆ. ಆ ಕಾನೂನಿನಡಿ ಮೂರು ವರ್ಷದವರೆಗೆ ಜೈಲು, ಹತ್ತು ಲಕ್ಷ ರಿಯಾಲ್‌ವರೆಗೆ ದಂಡ ಬೀಳಬಹುದು. ವಾಣಿಜ್ಯ ಸಚಿವಾಲಯದ 1900ಕ್ಕೆ ಫೋನ್ ಮಾಡಿದರಾಯಿತು. ಆದರೆ ನಮ್ಮವರು ಮಾಡುವುದಿಲ್ಲ. ದೂರು ಕೊಟ್ಟರೆ ಕಫೀಲನ ಕಿವಿಗೆ ಬಿದ್ದು ಇಕಾಮಾಕ್ಕೆ ಕುತ್ತು ಬಂದೀತೆಂಬ ಅಂಜಿಕೆ ಜುಬೈಲಿನ ಕ್ಯಾಂಪುಗಳಲ್ಲೂ ಕೇಳಿದ್ದೇನೆ, ಖೋಬರಿನ ಫ್ಲಾಟುಗಳಲ್ಲೂ. ಗ್ರಾಹಕ ಕೊಟ್ಟ ದೂರಿಗೂ ಕಫೀಲನಿಗೂ ಏನು ಸಂಬಂಧ? ಆ ಅಂಜಿಕೆಯೇ ಮೋಸಗಾರನ ಬಂಡವಾಳ.

ಊರಿಗೆ ಹೊರಟವರಿಗೂ ಒಂದು ಮಾತು. ಗೇರು ಜಾರುತ್ತದೆ, ಆಕ್ಸಿಡೆಂಟ್ ಆಗಿತ್ತು ಎಂದು ವಾಟ್ಸ್ಆ್ಯಪಿನಲ್ಲೇ ಬರೆದುಬಿಡಿ. ಎರಡು ಸಾವಿರ ರಿಯಾಲ್ ಕಡಿಮೆ ಬರಬಹುದು. ನಾನೂ ಮೊನ್ನೆ ಆ ಕಾರನ್ನು ಮಾರಾಟಕ್ಕಿಟ್ಟೆ. ‘ನೆರೆನೀರು ಹೊಕ್ಕ ಗಾಡಿ’ ಎಂಬುದೇ ಜಾಹೀರಾತಿನ ಮೊದಲ ಸಾಲು. ಎರಡು ವಾರ ಯಾರೂ ಬರಲಿಲ್ಲ. ಮೂರನೇ ವಾರ ಕುಂದಾಪುರದ ಹುಡುಗನೊಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡೇ ಬಂದ. ಚಹಾ ಕುಡಿಯಿರಿ ಅಂದೆ. ‘ಗಾಡಿ ಕಂಡ್ಕಂಡ್ ಕುಡಿತೆ, ಸಾರ್’ ಅಂದ.