ಮನೆಯಿಲ್ಲದ ಮಾಜಿ ಸೈನಿಕರ ಪುನರ್ವಸತಿ ಕುರಿತು ಮನವಿ ಪತ್ರ

ಸ್ಥಳ: ಬೆಂಗಳೂರು
ದಿನಾಂಕ: 05-12-2025

ಇವರಿಗೆ,
ಮಾನ್ಯ ನಿರ್ದೇಶಕರು,
ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ವಿಷಯ: ಬೀದಿಯಲ್ಲಿ ದಿನ ದೂಡುತ್ತಿರುವ ಮಾಜಿ ಸೈನಿಕರನ್ನು ಇಲಾಖೆಯೇ ಹುಡುಕಿ, ದಾಖಲೆ, ವಸತಿ ಹಾಗೂ ಚಿಕಿತ್ಸೆ ಒದಗಿಸುವ ಬಗ್ಗೆ.

ನಾನು ಮದ್ರಾಸ್ ಸ್ಯಾಪರ್ಸ್‌ನ ಮಾಜಿ ಹವಾಲ್ದಾರ. 2002ರಲ್ಲಿ ಆಪರೇಷನ್ ಪರಾಕ್ರಮದ ವೇಳೆ ಪಶ್ಚಿಮ ಗಡಿಯಲ್ಲಿ ನೆಲಬಾಂಬ್ ಹೂಳುವ ಕೆಲಸದಲ್ಲಿದ್ದಾಗ ಎಡಗಾಲು ಕಳೆದುಕೊಂಡೆ. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಕಾಲು ಜೋಡಿಸಿಕೊಂಡೆ. ಗಾಯಗೊಂಡ ಯೋಧರಿಗಾಗಿ 1917ರಲ್ಲೇ ಆರಂಭವಾದ ಕ್ವೀನ್ ಮೇರೀಸ್ ತಾಂತ್ರಿಕ ಸಂಸ್ಥೆಯಲ್ಲಿ, ಅಲ್ಲೇ ಖಡಕಿಯಲ್ಲಿ, ಕಸುಬು ಕಲಿತು ಊರಿಗೆ ಮರಳಿದೆ. ನನಗೆ ಪಿಂಚಣಿ ಬಂತು, ಮನೆಯವರು ಕೈಬಿಡಲಿಲ್ಲ. ಸೇನೆಯ ಅದೇ ಲಂಗರಿನ (ಅಡುಗೆಮನೆಯ) ಅನ್ನ ಉಂಡ ಕೆಲವರಿಗೆ ಇವೆರಡೂ ದಕ್ಕಲಿಲ್ಲ. ಅಂಥವರನ್ನು ಹುಡುಕಿಕೊಂಡು ನಾನೂ ಕೆಲವು ಹಳೆಯ ಸಂಗಾತಿಗಳೂ ವಾರಕ್ಕೆರಡು ರಾತ್ರಿ ಮೆಜೆಸ್ಟಿಕ್, ಶಿವಾಜಿನಗರ, ಯಶವಂತಪುರದ ಸುತ್ತ ತಿರುಗುತ್ತೇವೆ.

ಮೊದಲು ಸಿಕ್ಕವರು ಬಸ್ ನಿಲ್ದಾಣದ ಕಂಬಕ್ಕೆ ಒರಗಿ ಕೂತಿದ್ದರು. ಹೊದೆಯಲು ಇದ್ದದ್ದು ಒಂದು ಹರಕು ಕಂಬಳಿ. ಅದನ್ನು ಬ್ಯಾರಕ್‌ನಲ್ಲಿ ಮಡಿಸುವ ಹಾಗೆ ಚೌಕವಾಗಿ, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದರು. ಗುರುತು ಸಿಕ್ಕಿದ್ದು ಅದರಿಂದಲೇ. "ಯಾವ ಪಲ್ಟನ್?" ಎಂದೆ. ಎದ್ದು ನಿಂತು ನಂಬರ್, ಹೆಸರು, ಯೂನಿಟ್ ಒಂದೇ ಉಸಿರಿನಲ್ಲಿ ಹೇಳಿದರು.

ನಿವೃತ್ತಿಯ ನಂತರ ಅವರು ಸೆಕ್ಯೂರಿಟಿ ಗಾರ್ಡ್ ಆಗಿದ್ದರು. ಕೆಲಸ ಹೋದ ದಿನವೇ ಮಾಲೀಕರು ಕೊಟ್ಟಿದ್ದ ಕೋಣೆಯೂ ಹೋಯಿತು. ಮಲಗಿದ್ದಲ್ಲಿ ಚೀಲ ಕಳುವಾಯಿತು. ಅದರಲ್ಲೇ ಡಿಸ್ಚಾರ್ಜ್ ಬುಕ್, ಆಧಾರ್, ಮೊಬೈಲ್ ಇದ್ದವು. ಆ ವರ್ಷದ ಜೀವಿತ ಪ್ರಮಾಣ ಪತ್ರ ಕೊಡಲಾಗಲಿಲ್ಲ, ಪಿಂಚಣಿ ನಿಂತಿತು. ದೇಶ ಕಾದವರಿಗೆ ತಾವು ಬದುಕಿದ್ದೇವೆ ಎಂದು ಸಾಬೀತುಮಾಡಲು ಒಂದು ಕಾಗದವಿರಲಿಲ್ಲ. ಬಾಯಿಪಾಠವಾಗಿದ್ದ ಆ ಸೇವಾ ನಂಬರ್ ಹಿಡಿದು ಸೇನೆಯ ರೆಕಾರ್ಡ್ ಆಫೀಸಿಗೆ ಬರೆದೆವು. ಅಲ್ಲಿಂದ ಸೇವಾ ದಾಖಲೆ, ಅದರಿಂದ ಆಧಾರ್, ಆಧಾರ್‌ನಿಂದ ಬ್ಯಾಂಕ್, ಕೊನೆಗೆ ಬಾಕಿ ಸಮೇತ ಪಿಂಚಣಿ. ಇದಕ್ಕೆ ಎಂಟು ತಿಂಗಳು ಹಿಡಿಯಿತು. ಇಂದು ಅವರು ಬಾಡಿಗೆ ಕೋಣೆಯಲ್ಲಿದ್ದಾರೆ. ರಾತ್ರಿ ಸುತ್ತಿಗೆ ನಮಗಿಂತ ಮೊದಲೇ ಬಂದು ನಿಂತಿರುತ್ತಾರೆ.

ಕಾಯಿಲೆಯ ಕಾರಣಕ್ಕೆ ಸೇವೆಯಿಂದ ಬೋರ್ಡ್ ಔಟ್ ಆದವರ ಪಾಡು ಇನ್ನೂ ಕಷ್ಟ. ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಎಂದು ಮೆಡಿಕಲ್ ಬೋರ್ಡ್ ಬರೆದರೆ ಅಂಗವಿಕಲತೆ ಪಿಂಚಣಿ ಸಿಗುವುದಿಲ್ಲ. ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ ಸೈನಿಕ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಸಂಶಯದ ಲಾಭ ಅವನಿಗೇ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಫುಟ್‌ಪಾತಿನಲ್ಲಿ ಮಲಗುವವನಿಗೆ ಈ ತೀರ್ಪನ್ನು ಓದಿ ಹೇಳುವವರು ಯಾರು?

ಯೋಜನೆಗಳು ಇವೆ. ಆದರೆ ಅವೆಲ್ಲ ಕೌಂಟರಿನ ಆಚೆ ಇವೆ. ನಮ್ಮವರು ಕೌಂಟರಿನವರೆಗೂ ಬರಲಾರದ ಸ್ಥಿತಿಯಲ್ಲಿದ್ದಾರೆ. ಆದ್ದರಿಂದ ಇಲಾಖೆಯೇ ಅವರ ಬಳಿಗೆ ಹೋಗಬೇಕೆಂಬುದು ನಮ್ಮ ಮನವಿಯ ಸಾರ.

ನಮ್ಮ ಹಕ್ಕೊತ್ತಾಯಗಳು:

1. ನಗರಗಳ ರಾತ್ರಿ ತಂಗುದಾಣ, ನಿರಾಶ್ರಿತರ ಪರಿಹಾರ ಕೇಂದ್ರ ಹಾಗೂ ಸರ್ಕಾರಿ ಆಸ್ಪತ್ರೆಗಳ ದಾಖಲಾತಿ ಪುಸ್ತಕದಲ್ಲಿ "ಸೇನೆಯಲ್ಲಿ ಸೇವೆ ಸಲ್ಲಿಸಿದ್ದೀರಾ?" ಎಂಬ ಒಂದು ಕಾಲಂ ಸೇರಿಸಬೇಕು. ಹೌದು ಎಂದವರ ವಿವರ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಅದೇ ವಾರ ತಲುಪಬೇಕು.

2. ದಾಖಲೆ ಕಳೆದುಕೊಂಡವರ ಪರವಾಗಿ ಇಲಾಖೆಯೇ ರೆಕಾರ್ಡ್ ಆಫೀಸಿಗೆ ಬರೆದು, 30 ದಿನಗಳೊಳಗೆ ಸೇವಾ ದಾಖಲೆಯ ನಕಲು ತರಿಸಿಕೊಡಬೇಕು. ಜೀವಿತ ಪ್ರಮಾಣ ಪತ್ರವನ್ನು ಅವರಿದ್ದಲ್ಲೇ ಮಾಡಿಸಬೇಕು.

3. ಸೈನಿಕ ವಿಶ್ರಾಂತಿ ಗೃಹಗಳಲ್ಲಿ ಕೆಲವು ಹಾಸಿಗೆಗಳನ್ನು ಆರು ತಿಂಗಳ ತಂಗುವಿಕೆಗೆ ಮೀಸಲಿಡಬೇಕು. ಆಧಾರ್ ಮತ್ತು ಬ್ಯಾಂಕ್ ಖಾತೆಗಾಗಿ ಆ ವಿಳಾಸ ಬಳಸಲು ಅವಕಾಶ ಕೊಡಬೇಕು.

4. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ವಿಕಲಚೇತನರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಪಿಂಚಣಿ ತಿರಸ್ಕೃತವಾದವರ ಕಡತಗಳನ್ನು ಪ್ರಾಧಿಕಾರಕ್ಕೆ ಒಪ್ಪಿಸಿ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯವರೆಗೂ ಜೊತೆ ನಿಲ್ಲಬೇಕು.

5. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೆಯಿಲ್ಲದವರಿಗೆ ಉಚಿತ ಚಿಕಿತ್ಸೆಯ ಹಕ್ಕು ನೀಡಿದೆ. ಯುದ್ಧದ ನೆನಪಿನಿಂದ ನಿದ್ದೆಗೆಟ್ಟವರಿಗೆ, ಕುಡಿತಕ್ಕೆ ಸಿಕ್ಕವರಿಗೆ ನಿಮ್ಹಾನ್ಸ್ ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ನೇರ ದಾಖಲಾತಿಯ ಏರ್ಪಾಡು ಆಗಬೇಕು. ಕುಡಿಯುತ್ತಾರೆಂಬ ಕಾರಣಕ್ಕೆ ಯಾರಿಗೂ ಹಾಸಿಗೆ ನಿರಾಕರಿಸಬಾರದು.

6. ಪಿಂಚಣಿಯಿಲ್ಲದ, 65 ವರ್ಷ ದಾಟಿದ ಬಡ ಮಾಜಿ ಸೈನಿಕರಿಗೆ ಕೇಂದ್ರೀಯ ಸೈನಿಕ ಮಂಡಳಿ ನೀಡುವ ಮಾಸಿಕ ನೆರವು ಇತ್ತೀಚೆಗೆ 4,000 ರೂಪಾಯಿಯಿಂದ 8,000 ರೂಪಾಯಿಗೆ ಏರಿದೆ. 65 ತುಂಬದ ವಿಕಲಚೇತನರಿಗೆ ಅಷ್ಟೇ ಮೊತ್ತವನ್ನು ರಾಜ್ಯವೇ ಭರಿಸಬೇಕು.

7. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 37ನೇ ಕಲಂ ವಸತಿ ಯೋಜನೆಗಳಲ್ಲಿ ಶೇ. 5 ಮೀಸಲಾತಿ ಹೇಳುತ್ತದೆ. ಅರ್ಹರಾದ ಮನೆಯಿಲ್ಲದ ಮಾಜಿ ಸೈನಿಕರ ಹೆಸರನ್ನು ಇಲಾಖೆಯೇ ಶಿಫಾರಸು ಮಾಡಬೇಕು.

ಮಾನ್ಯರೇ, ನಾಡಿದ್ದು ಡಿಸೆಂಬರ್ 7, ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ಈ ದಿನ ಜನ ಪುಟ್ಟ ಬಾವುಟಕ್ಕೆ ಕಾಣಿಕೆ ಕೊಡುತ್ತಾ ಬಂದಿದ್ದಾರೆ. ಶಾಲೆಯ ಮಕ್ಕಳು ಹಾಕುವ ಆ ನಾಣ್ಯ, ಗೋಣಿ ಹಾಸಿ ಮಲಗಿದ ಸೈನಿಕನವರೆಗೂ ತಲುಪಲೇಬೇಕು. ಗಾಯಗೊಂಡವನನ್ನು ಬಿಟ್ಟು ಬರಬಾರದೆಂದು ಸೇನೆ ನಮಗೆ ಕಲಿಸಿದೆ. ಒಂದು ಕಾಲಿನಲ್ಲಿ ನಾವು ಹುಡುಕಿ ತರುತ್ತಿದ್ದೇವೆ. ತಾವು ಕೈಚಾಚಿ ಬರಮಾಡಿಕೊಳ್ಳಬೇಕೆಂದು, ಈ ಬೇಡಿಕೆಗಳ ಚರ್ಚೆಗೆ ಶೀಘ್ರವೇ ಸಭೆ ಕರೆಯಬೇಕೆಂದು ಕಳಕಳಿಯಿಂದ ಕೋರುತ್ತೇನೆ.



ತಮ್ಮ ವಿಶ್ವಾಸಿ,
(ಸಹಿ)
ವಿಕಲಚೇತನ ಮಾಜಿ ಸೈನಿಕ ಹಾಗೂ ರಾತ್ರಿ ಸುತ್ತಿನ ಸಂಗಾತಿಗಳ ಪರವಾಗಿ